ಲೋಲಾ ಕೊನ್ಸಿಂಗ್ ಮನೆಯ ಕರೆಂಟು

ಅರವತ್ತೊಂದನೆಯ ವಯಸ್ಸಿನಲ್ಲಿ ಪ್ರೀತಿಸಲು ಹೊರಟವನಿಗೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕು ಎಂದು ಕ್ಲೆತೋ ನಂಬಿದ್ದ. ಗಟ್ಟಿಯಾದ ಮೀನಖಂಡವೂ ಬೇಕಾಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕ್ಲೆತೋ ದೋಣಿಕಟ್ಟೆಯ ಬಳಿ ಕಟಿಂಗ್ ಅಂಗಡಿ ಇಟ್ಟವನು. ನಾಲಿಗೆ ಕತ್ತರಿಗಿಂತ ಚುರುಕು, ಕಾಲು ಮಾತ್ರ ಕೊಕ್ಕರೆಯದು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಿರುಗುವ ಕುರ್ಚಿಯಲ್ಲಿ ತಾನೇ ಒರಗಿ, ಮುಖಕ್ಕೆ ಟವಲು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ರಸ್ತೆಯ ಆಚೆ ಬದಿಗೆ ಸಾಲ್ವಾಳ ಊಟದಂಗಡಿ. ಸಾಲ್ವಾಗೆ ಐವತ್ತೇಳು, ಗಂಡ ತೀರಿಕೊಂಡು ಹನ್ನೊಂದು ವರ್ಷ. ಆರು ವರ್ಷ ದಿನಾ ಮಧ್ಯಾಹ್ನ ಅವಳ ಕೈಯ ಹುಳಿ ಮೀನುಸಾರು ಉಂಡವನ ಬಟ್ಟಲಿಗೆ ಒಂದು ದಿನ ಅವನು ಕೇಳದೆಯೇ ಅವಳು ಮೀನಿನ ತಲೆ ಹಾಕಿದಳು. ಮೀನಿನ ತಲೆಯನ್ನು ಯಾರೂ ಯಾರಿಗೂ ಸುಮ್ಮನೆ ಕೊಡುವುದಿಲ್ಲ. ಕ್ಲೆತೋ ಚಮಚ ಕೆಳಗಿಟ್ಟ.

"ಸಾಲ್ವಾ, ನಾವಿಬ್ರೂ ಮದುವೆ ಆಗ್ಬಿಡೋಣ್ವಾ?"

"ನಂಗೇನೋ ಆಗ್ಬಹುದು. ನಾನಾಯ್‌ನ ಕೇಳು."

"ಅಮ್ಮನ್ನ ಕೇಳೋ ವಯಸ್ಸೇನೇ ನಿಂದು? ಐವತ್ತೇಳು!"

"ಅವಳಿಗೆ ಎಪ್ಪತ್ತೊಂಬತ್ತು. ಹೆಂಗ್ ನೋಡಿದ್ರೂ ಅವಳೇ ದೊಡ್ಡೋಳು," ಎಂದು ಸಾಲ್ವಾ ಇನ್ನೊಂದು ಮೇಜು ಒರೆಸಲು ಹೋದಳು.

ಹಾಗಾಗಿ ಮರುದಿನ ಕ್ಲೆತೋ ಇಸ್ತ್ರಿ ಅಂಗಿ ತೊಟ್ಟು, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ಸಿಹಿ ಹಿಡಿದು, ಸಾಲ್ವಾಳ ತಾಯಿ ಕೊನ್ಸಿಂಗಳ ಮುಂದೆ ಕೂತ. ಓಣಿಯೆಲ್ಲ ಅವಳನ್ನು ಲೋಲಾ, ಅಜ್ಜಿ, ಎಂದೇ ಕರೆಯುತ್ತಿತ್ತು. ಇವನೂ ಲೋಲಾ ಎಂದು ಬಾಯಿ ತೆರೆದ.

"ಅರವತ್ತು ದಾಟಿದ ಮುದುಕಂಗೆ ನಾನು ಅಜ್ಜಿಯೇನೋ?" ಎಂದಳು ಮುದುಕಿ.

ಕ್ಲೆತೋ ನಾಲಿಗೆ ಕಚ್ಚಿಕೊಂಡ. ನಾನಾಯ್, ಅಮ್ಮ, ಎಂದು ಕರೆದರೆ ಅದು ಇನ್ನೂ ದೊಡ್ಡ ಅಪರಾಧವಾದೀತು. ಕೊನೆಗೆ ಕೆಮ್ಮಿ ಮಾತು ಶುರು ಮಾಡಿದ. ಅವನ ಮಾತು ಮುಗಿಯುವವರೆಗೂ ಲೋಲಾ ರೇಡಿಯೋ ನಾಟಕದ ಕಡೆಗೇ ಕಿವಿ ಕೊಟ್ಟಿದ್ದಳು. ಆಮೇಲೆ ಅವಳು ಹೇಳಿದ್ದಿಷ್ಟು: ಹಿಂದೆ ಹುಡುಗಿ ಬೇಕೆಂದವನು ಹುಡುಗಿಯ ಮನೆಯಲ್ಲಿ ಸೇವೆ ಮಾಡಬೇಕಿತ್ತು. ನೀರು ಹೊರಬೇಕು, ಸೌದೆ ಸೀಳಬೇಕು, ಭತ್ತ ಕುಟ್ಟಬೇಕು. ಅವಳ ಗಂಡ ಆಂಬೋ ಏಳು ತಿಂಗಳು ಮಾಡಿದ್ದ. ಅಪ್ಪನಿಗಿಂತ ಮೊದಲು ಅಪ್ಪನ ಕೋಣವೇ ಅವನನ್ನು ಅಳಿಯ ಎಂದು ಒಪ್ಪಿತ್ತು. ಮುಂದೆ ಸಾಲ್ವಾಳ ಸರದಿ ಬಂದಾಗ ಆ ಎಫ್ರೆನ್, ಈಗ ತೀರಿಕೊಂಡವನು, ನೋಡಲು ಪಾಪದವನ ಹಾಗೆ ಕಂಡ. ಸೇವೆಗೀವೆ ಏನೂ ಬೇಡ ಎಂದು ಇವಳೇ ಮಗಳನ್ನು ಕೊಟ್ಟುಬಿಟ್ಟಳು.

"ಹತ್ತೊಂಬತ್ತು ವರ್ಷ ಕಣೋ," ಎಂದಳು ಲೋಲಾ. "ಹತ್ತೊಂಬತ್ತು ವರ್ಷ ಅವನು ಕೂತ, ಇವಳು ಓಡಾಡಿದ್ಲು. ಕೂತ್ಕೊಂಡು ತಿನ್ನೋನನ್ನ ಕಂಡ್ರೆ ನಂಗಾಗಲ್ಲ. ನೀನು ಕೂತ್ಕೊಂಡು ನಿದ್ದೇನೂ ಮಾಡ್ತೀಯ, ದೋಣಿ ಇಳಿಯೋರೆಲ್ಲ ನೋಡಿದಾರೆ."

"ಸೇವೆ ಮಾಡ್ತೀನಿ," ಎಂದುಬಿಟ್ಟ ಕ್ಲೆತೋ.

"ಏನ್ ಮಾಡ್ತೀಯ? ನೀರು ನಲ್ಲೀಲಿ ಬರುತ್ತೆ. ಒಲೆ ಗ್ಯಾಸಿಂದು. ಅಕ್ಕಿ ಅಂಗಡೀಲಿ ಸಿಗುತ್ತೆ. ಈ ಮನೇಲಿ ಇಲ್ದಿರೋದು ಏನಿದೆ ಅಂತ ತಂದು ಹಾಕ್ತೀಯ?"

ಆ ಹೊತ್ತಿಗೆ ಸರಿಯಾಗಿ ಒಂದು ಗಂಟೆಯಾಯಿತು. ಆ ಬೇಸಿಗೆಯಲ್ಲಿ ದ್ವೀಪಕ್ಕೆಲ್ಲ ದಿನಾ ಒಂದರಿಂದ ಐದರವರೆಗೆ ಕರೆಂಟು ತೆಗೆಯುತ್ತಿದ್ದರು. ಫ್ಯಾನು ನಿಧಾನವಾಗಿ ನಿಂತಿತು. ರೇಡಿಯೋದಲ್ಲಿ ನಾಯಕಿ ತನ್ನ ಮಗುವಿನ ತಂದೆ ಯಾರೆಂದು ಹೇಳಲು ಉಸಿರೆಳೆದುಕೊಂಡಿದ್ದಳು, ಉಸಿರಿನಲ್ಲೇ ಉಳಿದಳು. ಲೋಲಾ ಒಂದು ಕ್ಷಣ ರೇಡಿಯೋ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ವ್ಯಾಯಾಮದ ಸೈಕಲ್ಲನ್ನು ನೋಡಿದಳು. ರಿಯಾದ್‌ನಲ್ಲಿ ನರ್ಸಾಗಿರುವ ಮೊಮ್ಮಗಳು ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೆಂದು ದೊಡ್ಡ ಪೆಟ್ಟಿಗೆಯಲ್ಲಿ ಕಳಿಸಿದ ಆ ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಸಾಲ್ವಾ ಎರಡು ವರ್ಷದಿಂದ ಒದ್ದೆ ಬಟ್ಟೆ ಒಣಹಾಕುತ್ತಿದ್ದಳು. ಕೊನೆಗೆ ಲೋಲಾ ಕ್ಲೆತೋನ ಕಾಲು ನೋಡಿದಳು.

"ಕರೆಂಟು," ಎಂದಳು. "ಕರೆಂಟು ತಾ."

ಪಕ್ಕದ ಮನೆಯ ಗೋರ್ಯೋ ಮೋಟಾರು, ರೇಡಿಯೋ ಎಲ್ಲ ರಿಪೇರಿ ಮಾಡುವವನು. ಅವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಆ ವರ್ಷ ಬಂದಿರಲಿಲ್ಲ. ಎರಡೇ ದಿನದಲ್ಲಿ ಸೈಕಲ್ಲಿನ ಚಕ್ರಕ್ಕೆ ಹಳೆಯ ಮೋಟಾರೊಂದನ್ನು ಬೆಲ್ಟು ಹಾಕಿ ಕಟ್ಟಿದ, ಅದರ ತಂತಿಯನ್ನು ಸಣ್ಣ ಬ್ಯಾಟರಿಗೆ ಕೊಟ್ಟ, ಬ್ಯಾಟರಿಯಿಂದ ಇನ್ವರ್ಟರ್ ಡಬ್ಬಕ್ಕೆ, ಡಬ್ಬದಿಂದ ಉದ್ದನೆಯ ಪ್ಲಗ್ಗು ಹಲಗೆಗೆ ಎಳೆದ.

"ನೋಡಿ ಮಾನೋಂಗ್," ಎಂದು ಅಣ್ಣನಿಗೆ ಹೇಳುವ ಹಾಗೆ ಹೇಳಿದ. "ಒಬ್ಬ ಮನುಷ್ಯ ಬಿಡದೆ ತುಳಿದ್ರೆ ಎಪ್ಪತ್ತು, ಎಂಬತ್ತು ವ್ಯಾಟು ಬರುತ್ತೆ. ಒಂದು ಬಲ್ಬು, ಒಂದು ಸಣ್ಣ ಫ್ಯಾನು, ಒಂದು ರೇಡಿಯೋ ಓಡುತ್ತೆ. ಯಾವ ಕಾರಣಕ್ಕೂ ಅನ್ನ ಮಾಡೋ ಕುಕ್ಕರ್ ಮಾತ್ರ ಹಾಕಿಸ್ಬೇಡಿ. ಅಕ್ಕಿ ಬೇಯಲ್ಲ, ನೀವು ಬೇಯ್ತೀರ."

ಸೇವೆಯ ಷರತ್ತನ್ನು ಲೋಲಾ ಅಂದೇ ಎಲ್ಲರ ಮುಂದೆ ಹೇಳಿದಳು. ನಲವತ್ತು ದಿನಕ್ಕೆ ಅವಳ ಎಂಬತ್ತನೆಯ ಹುಟ್ಟುಹಬ್ಬ. ಆ ದಿನ ಮಧ್ಯಾಹ್ನ ಬಾಡಿಗೆಗೆ ತಂದ ಹಾಡಿನ ಪೆಟ್ಟಿಗೆಯಲ್ಲಿ ಅವಳು ತನ್ನ ಕಾಲದ ಒಂದು ಪ್ರೇಮಗೀತೆ ಹಾಡುತ್ತಾಳೆ. ಪರದೆಯ ಮೇಲೆ ಅಕ್ಷರ ಓಡುತ್ತದೆ, ಹಾಡಿದ ಮೇಲೆ ಪೆಟ್ಟಿಗೆ ಮಾರ್ಕು ಕೊಡುತ್ತದೆ. ಆ ಹಾಡನ್ನು ಅವಳು ಹಾಡಲು ನಿಂತಾಗಲೆಲ್ಲ ನಡುವೆ ಕರೆಂಟು ಹೋಗಿದೆ. ಈ ಸಲ ಕ್ಲೆತೋ ತುಳಿದ ಕರೆಂಟಿನಲ್ಲಿ ಅದು ಮೊದಲಿನಿಂದ ಕೊನೆಯವರೆಗೆ ನಡೆಯಬೇಕು. ನಡೆದರೆ ಮಗಳನ್ನು ಕೊಡುತ್ತಾಳೆ. ನಡುವೆ ಸತ್ತರೆ ಅವನು ಅಂಗಡಿಗೆ ಹೋಗಿ ಗೊರಕೆ ಹೊಡೆಯಬಹುದು.

"ಎಷ್ಟುದ್ದ ಹಾಡು?" ಎಂದು ಕ್ಲೆತೋ ಗೋರ್ಯೋನ ಕಿವಿಯಲ್ಲಿ ಕೇಳಿದ.

"ನಾಲ್ಕು ನಿಮಿಷ ಹನ್ನೆರಡು ಸೆಕೆಂಡು."

"ಅಷ್ಟೇನಾ!" ಎಂದು ಕ್ಲೆತೋ ನಕ್ಕ. ಪಾಪ, ಇನ್ನೂ ಒಮ್ಮೆಯೂ ಹತ್ತಿರಲಿಲ್ಲ.

ಮೊದಲ ದಿನ ಒಂದು ಗಂಟೆಗೆ ಹತ್ತಿದ. ಒಂದು ನಿಮಿಷಕ್ಕೆ ಬಲ್ಬು ಕೆಂಪಗಾಯಿತು, ಎರಡಕ್ಕೆ ಬೆಳ್ಳಗಾಯಿತು, ಫ್ಯಾನು ಗಿರಕಿ ಹೊಡೆಯಿತು, ರೇಡಿಯೋದಲ್ಲಿ ನಾಯಕಿ ಗೋಳೋ ಎಂದು ಅತ್ತಳು. ಕಿಟಕಿಯಿಂದ ಆ ಅಳು ಓಣಿಗೆ ಬಿದ್ದದ್ದೇ ತಡ, ಇಡೀ ಓಣಿ "ಹೇಏಏಏ!" ಎಂದು ಕೂಗಿತು. ಕರೆಂಟು ಬಂದಾಗ ಹೀಗೆ ಒಟ್ಟಿಗೆ ಕೂಗುವುದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಹೆಂಗಸರು ಓಡಿಹೋಗಿ ಅನ್ನದ ಕುಕ್ಕರಿನ ಗುಂಡಿ ಒತ್ತಿದರು, ಗಂಡಸರು ಫೋನಿಗೆ ವೈರು ಚುಚ್ಚಿದರು, ಎದುರು ಮನೆಯವಳು ಬಟ್ಟೆ ಒಗೆಯುವ ಯಂತ್ರಕ್ಕೆ ಸೋಪಿನ ಪುಡಿಯನ್ನೂ ಸುರಿದಳು. ಏನೂ ಆಗಲಿಲ್ಲ. ಆಗ ಸದ್ದು ಎಲ್ಲಿಂದ ಬಂತೆಂದು ಹುಡುಕುತ್ತ ಒಬ್ಬೊಬ್ಬರೇ ಲೋಲಾಳ ಕಿಟಕಿಗೆ ಬಂದು, ಒಳಗೆ ಕ್ಲೆತೋನ ಮಂಡಿಗಳು ಮೇಲೆ ಕೆಳಗೆ ಹೋಗುವುದನ್ನು ಕಂಡರು.

"ಮಾನೋಂಗ್, ನೀವು ಬೆವರೋದಕ್ಕೆ ನಾವ್ಯಾಕೆ ಕೂಗ್ಬೇಕು?" ಎಂದಳು ಸೋಪಿನ ಪುಡಿ ಸುರಿದವಳು.

"ನಾನೇನು ಕೂಗಿ ಅಂದ್ನಾ?" ಎನ್ನಲು ಅವನಿಗೆ ಉಸಿರಿರಲಿಲ್ಲ, ಕೈ ಮಾತ್ರ ಆಡಿಸಿದ.

ಮರುದಿನವೂ ಓಣಿ ಕೂಗಿತು, ಅದರ ಮರುದಿನವೂ. ಅಭ್ಯಾಸ ಬಿಡುವುದೆಂದರೇನು ಸುಲಭವೇ? ಕೊನೆಗೆ ಗೋರ್ಯೋ ಒಂದು ಕ್ರಮ ಮಾಡಿದ. ಕ್ಲೆತೋ ಸೈಕಲ್ಲು ಹತ್ತಿದಾಗ ಕಿಟಕಿಗೆ ಕೆಂಪು ಲಂಗ ನೇತುಹಾಕುವುದು. ಲಂಗ ಕಂಡರೆ ಯಾರೂ ಕೂಗಬಾರದು. ಆ ಲಂಗ ಸಾಲ್ವಾಳದು ಎಂದು ಎಲ್ಲರಿಗೂ ಗೊತ್ತಿದ್ದರಿಂದ ಕ್ಲೆತೋನ ಅಂಗಡಿಯಲ್ಲಿ ಕೂದಲಿಗಿಂತ ಹೆಚ್ಚು ಮಾತು ಬಿದ್ದವು. "ಏನು ಮಾನೋಂಗ್, ಇವತ್ತು ಎಷ್ಟು ಹೊತ್ತು ಲಂಗ ಹಾರಿಸಿದ್ರಿ?" ಎಂದು ಕೇಳದ ಗಿರಾಕಿಯೇ ಇರಲಿಲ್ಲ. ಅವನು ಸಿಟ್ಟಿಗೇಳಲಿಲ್ಲ. ಸಿಟ್ಟು ಮಾಡಿಕೊಳ್ಳಲು ನೆಟ್ಟಗೆ ನಿಲ್ಲಬೇಕಲ್ಲ, ನಿಲ್ಲಲು ಕಾಲು ಕೇಳುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಗಡ್ಡ ಹೆರೆಯುತ್ತಿದ್ದ.

ಲೋಲಾ ಸುಮ್ಮನಿರುವವಳಲ್ಲ. ಒಂಬತ್ತನೆಯ ದಿನ ಅವನ ಬೆನ್ನ ಹಿಂದೆ ಮೆಲ್ಲಗೆ ಅನ್ನದ ಕುಕ್ಕರಿನ ವೈರು ಚುಚ್ಚಿದಳು. ಪೆಡಲು ಬಂಡೆಯಾಯಿತು. ಇನ್ವರ್ಟರ್ ಡಬ್ಬ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚಿ ಉಸಿರು ಬಿಟ್ಟಿತು. ಕ್ಲೆತೋ ಸೈಕಲ್ಲಿನ ಹಿಡಿಯ ಮೇಲೆ ಮುಖ ಇಟ್ಟ.

"ಸುಮ್ನೆ ನೋಡ್ದೆ," ಎಂದಳು ಲೋಲಾ, ಸ್ವಲ್ಪವೂ ನಾಚದೆ. "ಬೈತೀಯೋ ಇಲ್ವೋ ಅಂತ."

ಅವನು ಕೆಮ್ಮಿದ. "ಬೈಯೋಕೆ ಶಕ್ತಿ ಇಲ್ಲ."

ಲೋಲಾ ಆಚೆ ತಿರುಗಿ ಸೆರಗಿನ ಹಾಗೆ ಹೆಗಲ ಮೇಲಿದ್ದ ಟವಲಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಏನೋ, ಕ್ಲೆತೋಗೆ ಕಾಣಲಿಲ್ಲ.

ಈ ನಡುವೆ ಒಂದು ವಿಚಿತ್ರ ನಡೆದಿತ್ತು. ಮೂರನೆಯ ವಾರಕ್ಕೆ ಕ್ಲೆತೋಗೆ ಸೈಕಲ್ಲು ಖುಷಿ ಕೊಡಲು ಶುರುವಾಯಿತು. ಫ್ಯಾನಿನ ಗಾಳಿ ಸಾಲ್ವಾಳ ಬೆವೆತ ಕತ್ತಿಗೆ ತಾಗಿ ಕೂದಲು ಅಲುಗಿದಾಗ, ಆ ಗಾಳಿ ತನ್ನ ಕಾಲಿನಿಂದ ಹುಟ್ಟಿದ್ದು ಎಂದು ನೆನೆದರೆ ಅವನಿಗೆ ಮೈಯೆಲ್ಲ ಪುಳಕ. ಹೊಟ್ಟೆ ಇಳಿದು ಪ್ಯಾಂಟು ಜಾರುತ್ತಿತ್ತು, ಕೊಕ್ಕರೆ ಕಾಲಿನಲ್ಲಿ ಎರಡು ಸಣ್ಣ ಬದನೆಕಾಯಿ ಮೂಡಿದ್ದವು. ಅವುಗಳನ್ನು ಅಂಗಡಿಯ ಕನ್ನಡಿಯಲ್ಲಿ ಗುಟ್ಟಾಗಿ ನೋಡಿಕೊಳ್ಳುತ್ತಿದ್ದ.

"ಬರೀ ಗಾಳಿ ಹಾಕೋದಕ್ಕೆ ಇಷ್ಟು ನಗು ಬೇಕಾ?" ಎಂದಳು ಒಮ್ಮೆ ಸಾಲ್ವಾ, ಈರುಳ್ಳಿ ಹೆಚ್ಚುತ್ತ.

"ನಿನ್ನ ಕೂದ್ಲು ನೋಡಿ ನಗ್ತಿದೀನಿ."

"ನೋಡಿದ್ದು ಸಾಕು, ತುಳಿ. ಬಲ್ಬು ಕೆಂಪಾಯ್ತು."

ಹುಟ್ಟುಹಬ್ಬ ಬಂತು. ಅದಕ್ಕೆ ಮುಂಚಿನ ಮೂರು ಮಧ್ಯಾಹ್ನವೂ ಕ್ಲೆತೋ ಏನನ್ನೂ ಓಡಿಸದೆ ಬರೀ ಬ್ಯಾಟರಿ ತುಂಬಿಸಿದ್ದ. ಗೋರ್ಯೋನ ಸಲಹೆ ಅದು. ಹಾಡಿನ ಪೆಟ್ಟಿಗೆ, ಸ್ಪೀಕರು, ಟೀವಿ ಸೇರಿದರೆ ನೂರು ವ್ಯಾಟು ದಾಟುತ್ತದೆ. ಅರ್ಧ ಬ್ಯಾಟರಿ ಹೊರಲಿ, ಅರ್ಧ ಮಾನೋಂಗ್ ಹೊರಲಿ. ಮನೆ ತುಂಬಿತು. ಆಯುಸ್ಸು ತುಂಡಾಗಬಾರದೆಂದು ಕತ್ತರಿಸದೆ ಬೇಯಿಸಿದ ಉದ್ದುದ್ದ ಶಾವಿಗೆಯನ್ನು ಸಾಲ್ವಾ ದೊಡ್ಡ ಹರಿವಾಣದಲ್ಲಿ ತಂದಿಟ್ಟಳು. ಅವಳು ಆ ದಿನ ಹಸಿರು ಬಿಗಿ ಗೌನು ಹಾಕಿದ್ದಳು. ಕ್ಲೆತೋ ಶಾವಿಗೆ ಬಿಟ್ಟು ಅವಳನ್ನೇ ನೋಡಿದ.

ಒಂದು ಗಂಟೆಗೆ ಕರೆಂಟು ಹೋಯಿತು. ಊಟ ಮುಗಿದು ಎರಡಾದಾಗ ಲೋಲಾ ನೀಲಿ ಗೌನಿನಲ್ಲಿ ಎದ್ದು ನಿಂತು ಮೈಕು ಹಿಡಿದಳು. ಕಿಟಕಿಗೆ ಲಂಗ ಏರಿತು. ಕ್ಲೆತೋ ಸೈಕಲ್ಲು ಹತ್ತಿ ಪಕ್ಕದ ಪ್ಲಗ್ಗು ಹಲಗೆಯತ್ತ ಬಗ್ಗಿ ನೋಡಿದವನು ಬೆಪ್ಪಾದ. ಹಲಗೆಯ ಪ್ರತಿ ತೂತಿಗೂ ಇನ್ನೊಂದು ಹಲಗೆ, ಆ ಹಲಗೆಗೆ ಮತ್ತೊಂದು, ಎಲ್ಲದರಿಂದ ಹದಿನೇಳು ಫೋನು ದ್ರಾಕ್ಷಿ ಗೊಂಚಲಿನ ಹಾಗೆ ಜೋತಾಡುತ್ತಿದ್ದವು. ಕರೆಂಟಿಲ್ಲದ ಊರಲ್ಲಿ ಜೀವ ಇರುವ ಪ್ಲಗ್ಗು ಕಂಡರೆ ಬಿಡುವವರು ಯಾರು? ಒಬ್ಬೊಬ್ಬರೂ ತಾವೊಬ್ಬರೇ ಎಂದುಕೊಂಡು ಸದ್ದಿಲ್ಲದೆ ಚುಚ್ಚಿದ್ದರು. ಬ್ಯಾಟರಿಯ ಹಸಿರು ದೀಪ ಆರಿ ಕೆಂಪು ಮಿಣುಕುತ್ತಿತ್ತು.

"ಗೋರ್ಯೋ!" ಎಂದು ಪಿಸುಗುಟ್ಟಿದ. "ಬ್ಯಾಟರಿ ಖಾಲಿ ಕಣೋ! ಈ ನೀಲಿ ಕವರಿನ ಫೋನು ನಿಂದಲ್ವಾ?"

"ಎರಡೇ ಪರ್ಸೆಂಟ್ ಇತ್ತು ಮಾನೋಂಗ್," ಎಂದ ಗೋರ್ಯೋ, ನೆಲ ನೋಡುತ್ತ.

ಫೋನುಗಳನ್ನೆಲ್ಲ ಕಿತ್ತು ಹಾಕುವಷ್ಟರಲ್ಲಿ ಲೋಲಾ ಹಾಡಿನ ಸಂಖ್ಯೆ ಒತ್ತಿಯಾಗಿತ್ತು. ಪಿಟೀಲು ಶುರುವಾಯಿತು. ಇನ್ನೇನು ಮಾಡುವುದು? ಕ್ಲೆತೋ ಎಲ್ಲ ದೇವರನ್ನೂ ಒಟ್ಟಿಗೆ ನೆನೆದು ತುಳಿದ.

ಮೊದಲ ನಿಮಿಷ ಅವನು ಇಪ್ಪತ್ತರ ಹುಡುಗನಾಗಿದ್ದ. ಎರಡನೆಯದರಲ್ಲಿ ಅವನ ವಯಸ್ಸು ಅವನಿಗೆ ಸಿಕ್ಕಿತು. ಲೋಲಾ ಕಣ್ಣು ಮುಚ್ಚಿ, ಇದ್ದ ಮೂರು ಹಲ್ಲು ತೋರಿಸುತ್ತ ಹಾಡುತ್ತಿದ್ದಳು. ಅಕ್ಷರಗಳ ಹಂಗೇ ಅವಳಿಗಿರಲಿಲ್ಲ. ಜನ ಹಾಡು ಬಿಟ್ಟು ಕ್ಲೆತೋನ ಮಂಡಿಗೆ ತಾಳ ಹಾಕಿದರು. "ತುಳಿ ಮಾನೋಂಗ್! ತುಳಿ!" ಮೂರು ನಿಮಿಷವಾಗಲು ಹತ್ತು ಸೆಕೆಂಡು ಬಾಕಿಯಿತ್ತು. ಎಡಗಾಲಿನ ಮೀನಖಂಡ ಹಗ್ಗದ ಗಂಟಿನ ಹಾಗೆ ಬಿಗಿದು, ಕ್ಲೆತೋ "ಅಯ್ಯೋ" ಎಂದು ಸೈಕಲ್ಲಿನಿಂದ ಶಾವಿಗೆ ಹರಿವಾಣದ ಪಕ್ಕಕ್ಕೆ ಉರುಳಿದ.

ಪರದೆ ಮಂಕಾಯಿತು. ಪಿಟೀಲು ನರಳಿತು. ಕ್ಲೆತೋ ಬಿದ್ದಲ್ಲಿಂದಲೇ ಆ ಮಂಕು ಪರದೆ ನೋಡಿದ. ನಲವತ್ತು ದಿನ, ಆರು ವರ್ಷ, ಒಂದು ಮೀನಿನ ತಲೆ, ಎಲ್ಲ ಹೋಯಿತು ಎಂದುಕೊಂಡ.

ಅಷ್ಟರಲ್ಲಿ ಸಾಲ್ವಾ ಹಾರಿ ಬಂದಳು. ಬಿಗಿ ಗೌನಿನಲ್ಲಿ ಸೀಟು ಹತ್ತಲು ಕಾಲು ಎತ್ತಿ ನೋಡಿದಳು, ಎಲ್ಲೋ ಒಂದು ಹೊಲಿಗೆ ಪಟ್ಟೆಂದಿತು. ಹತ್ತುವ ಯೋಚನೆ ಬಿಟ್ಟು ನೆಲಕ್ಕೆ ಕೂತು, ತೆಂಗಿನಕಾಯಿ ತುರಿದು ತುರಿದು ಗಟ್ಟಿಯಾದ ಎರಡು ಕೈಯಲ್ಲೂ ಪೆಡಲು ಹಿಡಿದು ತಿರುಗಿಸಿಯೇ ಬಿಟ್ಟಳು. ಪರದೆ ಬೆಳಗಿತು. ಪಿಟೀಲು ಎದ್ದು ಕೂತಿತು.

ಲೋಲಾ ಕಣ್ಣು ಬಿಟ್ಟಳು. ನೆಲದ ಮೇಲಿನ ಮಗಳನ್ನು ಕಂಡು ಮೈಕಿನಲ್ಲೇ ಗುಡುಗಿದಳು, ಓಣಿಗೆಲ್ಲ ಕೇಳಿಸಿತು. "ಬಿಡೇ ಅದನ್ನ! ಒಬ್ಬ ಗಂಡಸಿಗೆ ದುಡಿದಿದ್ದು ಸಾಲ್ದೇನೇ ನಿಂಗೆ? ಇನ್ನೊಬ್ಬ ಬಿದ್ದ ತಕ್ಷಣ ನೀನೇ ಓಡ್ಬೇಕಾ?"

"ಹಾಡು ನಾನಾಯ್! ಅಕ್ಷರ ಮುಂದೆ ಹೋಗ್ತಿದೆ!"

"ಬಿಡು ಅಂದೆ!"

"ಬಿಡಲ್ಲ! ಯಾರಿಗೂ ದುಡೀತಿಲ್ಲ ನಾನು. ನಂಗೆ ಇವನು ಬೇಕು, ಅದಕ್ಕೆ ತಿರುಗಿಸ್ತಿದೀನಿ. ನಲವತ್ತು ದಿನದಿಂದ ನೀವಿಬ್ರೇ ಮಾತಾಡ್ಕೊಂಡ್ರಿ. ಈ ಷರತ್ತು ನಂಗೊಪ್ಪಿಗೇನಾ ಅಂತ ಯಾರಾದ್ರೂ ಕೇಳಿದ್ರಾ?"

ಕ್ಲೆತೋ ಬಿಗಿದ ಕಾಲನ್ನು ಎಳೆದುಕೊಂಡು ತೆವಳಿ ಸೈಕಲ್ಲಿನ ಆ ಬದಿಗೆ ಕೂತು ಇನ್ನೊಂದು ಪೆಡಲು ಹಿಡಿದ. ಬೀಸುವ ಕಲ್ಲಿಗೆ ಎದುರುಬದುರು ಕೂತವರ ಹಾಗೆ ಇಬ್ಬರೂ ತಿರುಗಿಸಿದರು. ಅವನು ತಳ್ಳಿದರೆ ಅವಳು ಎಳೆದಳು, ಅವಳು ತಳ್ಳಿದರೆ ಇವನು ಎಳೆದ. ನಡುವಿನ ಚಕ್ರದ ಸಂದಿಯಿಂದ ಒಬ್ಬರ ಮುಖ ಒಬ್ಬರಿಗೆ ಕಂಡು ಮರೆಯಾಗುತ್ತಿತ್ತು. ಅವನ ಮೂಗಿಗೆ ಶಾವಿಗೆ ಅಂಟಿತ್ತು. ಅದನ್ನು ಕಂಡು ಸಾಲ್ವಾಗೆ ಮೊದಲು ಸಣ್ಣಗೆ ನಗು ಬಂತು, ಆಮೇಲೆ ತಡೆಯಲಾಗದೆ ಬಂತು. ಅವಳ ನಗು ನೋಡಿ ಅವನಿಗೂ ಬಂತು. ನಗುತ್ತ ನಗುತ್ತ, ಕಣ್ಣಲ್ಲಿ ನೀರಿಳಿಸುತ್ತ, ಒಮ್ಮೆಯೂ ಕೈ ನಿಲ್ಲಿಸದೆ ತಿರುಗಿಸಿದರು.

ಲೋಲಾ ಅವರನ್ನೇ ನೋಡುತ್ತ ನಿಂತಳು. ಆಮೇಲೆ ಮೈಕು ಎತ್ತಿ, ಬಿಟ್ಟ ಸಾಲಿನಿಂದ ಮುಂದಿನದನ್ನು ಹಾಡಿದಳು. ಕೊನೆಯ ಸ್ವರವನ್ನು ಮುದುಕಿಯ ಗಂಟಲು ಎಷ್ಟು ಎಳೆಯಬಹುದೋ ಅಷ್ಟು ಎಳೆದಳು. ಪೆಟ್ಟಿಗೆ ಕಹಳೆ ಊದಿ ಐವತ್ತೆಂಟು ಮಾರ್ಕು ಕೊಟ್ಟಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಲೋಲಾಳ ಬಾಯಿ ನೋಡುತ್ತಿದ್ದರು. ಕ್ಲೆತೋ ಗೋಡೆ ಹಿಡಿದು ಒಂದೇ ಕಾಲಿನ ಮೇಲೆ ಎದ್ದು ನಿಂತ. ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ.

"ನಾನು ಮೂರು ನಿಮಿಷವೂ ತುಳೀಲಿಲ್ಲ," ಎಂದ. "ಮಿಕ್ಕಿದ್ದರಲ್ಲಿ ಅರ್ಧಕ್ಕರ್ಧ ಇವಳೇ ತಿರುಗಿಸಿದ್ಲು. ನಾನು ಸೋತೆ."

"ನಂಗೆ ಕಣ್ಣು ಕಾಣುತ್ತೆ," ಎಂದಳು ಲೋಲಾ. "ಹತ್ತೊಂಬತ್ತು ವರ್ಷ ಆ ಸಂಸಾರ ನೋಡಿದೀನಿ. ಒಂದು ದಿನಾನೂ ಇವಳು ಹಿಂಗೆ ನಕ್ಕಿದ್ದು ನೋಡಿಲ್ಲ. ನಗೋಕೆ ಬರುತ್ತೆ ಅಂತಾನೇ ಗೊತ್ತಿರ್ಲಿಲ್ಲ ನಂಗೆ, ಹೆತ್ತೋಳಿಗೆ."

ಅಷ್ಟು ಹೇಳಿ ಮೈಕನ್ನು ಸಾಲ್ವಾಳ ಕೈಗೆ ತುರುಕಿದಳು. ಪೆಟ್ಟಿಗೆಯ ಹಾಡುಗಳ ಪುಸ್ತಕ ತಿರುವಿ ಇಬ್ಬರು ಹಾಡುವ ಹಾಡೊಂದರ ಸಂಖ್ಯೆ ಒತ್ತಿದಳು. ನೀಲಿ ಗೌನನ್ನು ಮಂಡಿಯವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸೈಕಲ್ಲಿನ ಹಿಡಿಗೆ ಕೈ ಹಾಕಿದಳು.

"ನಾನಾಯ್, ಏನ್ ಮಾಡ್ತಿದೀಯ! ಬೀಳ್ತೀಯ!"

"ಗೋರ್ಯೋ, ಈ ಸೀಟು ಕೆಳಗಿಳಿಸು. ಕಾಲು ಎಟುಕಲ್ಲ. ಇಷ್ಟು ದಿನ ಇವನು ನಂಗೋಸ್ಕರ ತುಳಿದ. ಮಗಳ ಮದುವೆಗೆ ತಾಯಿ ಏನೂ ಮಾಡ್ದೆ ಕೂತಿರೋದಾ?"

ಗೋರ್ಯೋ ಸೀಟು ಇಳಿಸಿದ. ಇಬ್ಬರು ಹೆಂಗಸರು ಎರಡು ಕಡೆ ಹಿಡಿದು ಲೋಲಾಳನ್ನು ಕೂರಿಸಿದರು. ಪೆಡಲು ಒಂದು ಸುತ್ತು ತಿರುಗಿತು, ಇನ್ನೊಂದು ತಿರುಗಿತು. ಬೆಲ್ಟು ಕಿರುಗುಟ್ಟಿತು. ಪರದೆಯಲ್ಲಿ ಅಕ್ಷರಗಳು ಕಾಣುವಷ್ಟು ಬೆಳಕು ಬಂತು.

"ಬೇಗ ಹಾಡ್ರೋ!" ಎಂದು ಏದುಸಿರು ಬಿಡುತ್ತ ಕೂಗಿದಳು. "ನನ್ನ ಮಂಡಿ ಜಾಸ್ತಿ ಹೊತ್ತು ತಡೆಯಲ್ಲ. ಚರ್ಚಿಗೆ ನಡ್ಕೊಂಡು ಬೇರೆ ಬರ್ಬೇಕು ನಾನು!"

ಕ್ಲೆತೋ ಬಾಯಿ ತೆರೆದ. ಹಾಡು ಬರಲಿಲ್ಲ, ಅಳು ಬಂತು. ಸಾಲ್ವಾ ಅವನ ಮೂಗಿನ ಶಾವಿಗೆ ಕಿತ್ತು ಬಾಯಿಗೆ ಹಾಕಿಕೊಂಡು, ಅವನ ಸಾಲನ್ನೂ ತಾನೇ ಹಾಡತೊಡಗಿದಳು.